ಸೇತುವೆ ಮುರಿದಿಲ್ಲ, ಟೈಮಿಂಗ್ ತಪ್ಪಿರಬಹುದು

ಬೆಳಿಗ್ಗೆ ನಗುನಗುತ್ತಾ ಮಾತಾಡಿಸಿ, ಸಂಜೆ ಮುಖ ತಿರುಗಿಸಿಕೊಂಡು ಹೋಗುವ ಫ್ರೆಂಡ್ ಬಗ್ಗೆ "ಇವನಿಗೆ ಸ್ಕಿಜೋಫ್ರೇನಿಯಾ ಕಣೋ, ಒಳಗೆ ಇಬ್ಬರಿದ್ದಾರೆ" ಅಂತ ಕ್ಯಾಂಟೀನ್‌ನಲ್ಲಿ ರೇಗಿಸುವುದನ್ನು ನೀವೂ ಕೇಳಿರುತ್ತೀರಿ. ಹಾಗೆ ಹೇಳುವವರ ತಲೆಯಲ್ಲಿ ಇರುವುದು ಹೆಚ್ಚಾಗಿ ಸಿನಿಮಾ. 2004ರ ‘ಆಪ್ತಮಿತ್ರ’ದಲ್ಲಿ ಗಂಗಾ ನಾಗವಲ್ಲಿಯಾಗಿ ಬದಲಾಗುವುದನ್ನು ನೋಡಿದ ಮೇಲೆ ಮನೋರೋಗ ಅಂದರೆ ಒಬ್ಬರೊಳಗೆ ಇನ್ನೊಬ್ಬರು ಇರುವುದು ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದುಕೊಂಡಿದ್ದೇವೆ.

ಸ್ಕಿಜೋಫ್ರೇನಿಯಾದಲ್ಲಿ ಇಬ್ಬರು ಇರುವುದಿಲ್ಲ. ಇರುವವರು ಒಬ್ಬರೇ. ಬೇರೆ ಯಾರಿಗೂ ಕೇಳಿಸದ ಧ್ವನಿಗಳು ಅವರಿಗೆ ಕೇಳಿಸಬಹುದು. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ, ಟಿವಿಯಲ್ಲಿ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅನ್ನುವ ನಂಬಿಕೆ ಎಷ್ಟು ಪುರಾವೆ ಕೊಟ್ಟರೂ ಅಲುಗದೆ ಕೂರಬಹುದು. ಮಾತು ಹಳಿ ತಪ್ಪಬಹುದು. ಇನ್ನು ಕೆಲವರಲ್ಲಿ ಇದ್ಯಾವುದಕ್ಕಿಂತ ಹೆಚ್ಚಾಗಿ ಕಾಣುವುದು ಮೌನ: ಸ್ನೇಹಿತರು ಬೇಡ, ಸ್ನಾನ ಬೇಡ, ಯಾವುದರಲ್ಲೂ ಆಸಕ್ತಿ ಇಲ್ಲ.

ಈ ಗೊಂದಲಕ್ಕೆ ಹೆಸರೂ ಒಂದು ಕಾರಣ. 1908ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಗ್ರೀಕ್ ಭಾಷೆಯ ಎರಡು ಪದ ಜೋಡಿಸಿ ಈ ಹೆಸರು ಕಟ್ಟಿದರು. ‘ಸ್ಕಿಜೈನ್’ ಅಂದರೆ ಸೀಳು, ‘ಫ್ರೆನ್’ ಅಂದರೆ ಮನಸ್ಸು. ಯೋಚನೆ, ಭಾವನೆ, ಇಚ್ಛೆ ಇವುಗಳ ನಡುವಿನ ಹೊಂದಾಣಿಕೆ ಸಡಿಲವಾಗುತ್ತದೆ ಅನ್ನುವುದು ಅವರ ಅರ್ಥವಾಗಿತ್ತು. ಜನರಿಗೆ ಮಾತ್ರ ‘ಸೀಳು’ ಅನ್ನುವುದೊಂದೇ ನೆನಪಲ್ಲಿ ಉಳಿಯಿತು. ಕನ್ನಡದಲ್ಲಿ ಬಳಸುವ ‘ಛಿದ್ರಮನಸ್ಕತೆ’ಯಲ್ಲೂ ಅದೇ ಚಿತ್ರ ಇದೆ.

ಇಲ್ಲೊಂದು ತಮಾಷೆಯ ವಿಷಯ ಇದೆ. ಮೆದುಳು ನಿಜವಾಗಿಯೂ ಎರಡು ಭಾಗ. ಹಾಗಾದರೆ ಈ ಎರಡರ ನಡುವಿನ ಸಂಪರ್ಕ ಹಾಳಾಗುವುದೇ ಕಾಯಿಲೆಯಾ? ಇದು ಕ್ಯಾಂಟೀನ್ ಪ್ರಶ್ನೆಯಾಗಿ ಉಳಿದಿಲ್ಲ. ವಿಜ್ಞಾನಿಗಳು ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದನ್ನು ಅಳೆದು ನೋಡುತ್ತಿದ್ದಾರೆ. ಸಿಕ್ಕಿರುವ ಉತ್ತರ ನಮ್ಮಂಥ ಎಂಜಿನಿಯರಿಂಗ್ ಓದುವವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು.

ಇಪ್ಪತ್ತು ಕೋಟಿ ತಂತಿಯ ಕೇಬಲ್

ಎಡ ಮತ್ತು ಬಲ ಅರೆಗೋಳಗಳನ್ನು ಸೇರಿಸುವ ದೊಡ್ಡ ಸೇತುವೆಗೆ ಕಾರ್ಪಸ್ ಕೆಲೋಸಮ್ ಅಂತ ಹೆಸರು. ಮುಂದಿನಿಂದ ಹಿಂದಕ್ಕೆ ಹೆಚ್ಚು ಕಡಿಮೆ 10 ಸೆಂ.ಮೀ. ಉದ್ದ. ಅದರೊಳಗೆ ಅಡ್ಡಕ್ಕೆ ಹಾಯುವ ನರತಂತುಗಳು ಸುಮಾರು 20 ಕೋಟಿ. ಸಂಖ್ಯೆ ದೊಡ್ಡದು ಅನ್ನಿಸುತ್ತದೆ. ಆದರೆ ಮೆದುಳಿನ ಹೊರಪದರದಲ್ಲಿ ಸುಮಾರು 1,600 ಕೋಟಿ ನರಕೋಶಗಳಿವೆ. ಭಾಗಿಸಿ ನೋಡಿ. ನೂರರಲ್ಲಿ ಒಂದೋ ಎರಡೋ ಕೋಶಕ್ಕೆ ಮಾತ್ರ ಆಚೆ ಬದಿಗೆ ನೇರ ತಂತಿ ಇದೆ. ಈಚೆ ನಡೆಯುವುದನ್ನೆಲ್ಲ ಆಚೆ ಕಳಿಸುವಷ್ಟು ಬ್ಯಾಂಡ್‌ವಿಡ್ತ್ ಇಲ್ಲವೇ ಇಲ್ಲ. ಇರುವಷ್ಟು ಸರಿಯಾದ ಹೊತ್ತಿಗೆ ತಲುಪಬೇಕು.

ಹೊತ್ತಿಗೆ ತಲುಪಿಸುವುದು ಮಯಲಿನ್ ಕೆಲಸ. ನರತಂತುವಿನ ಸುತ್ತ ಸುತ್ತಿಕೊಂಡಿರುವ ಕೊಬ್ಬಿನ ಪದರ ಅದು, ವೈರಿನ ಮೇಲಿನ ಇನ್ಸುಲೇಷನ್ ಇದ್ದ ಹಾಗೆ. ಮಯಲಿನ್ ಇರುವ ತಂತುವಿಗೆ ಒಂದು ಅಂದಾಜು ಸೂತ್ರ ಇದೆ: ವ್ಯಾಸ 1 ಮೈಕ್ರಾನ್ ಇದ್ದರೆ ವೇಗ ಸೆಕೆಂಡಿಗೆ ಸುಮಾರು 6 ಮೀಟರ್. ಒಂದು ಬದಿಯಿಂದ ಇನ್ನೊಂದು ಬದಿಗೆ ದಾರಿ 12 ಸೆಂ.ಮೀ. ಅಂದುಕೊಂಡರೆ, ತಲುಪಲು 20 ಮಿಲಿಸೆಕೆಂಡ್ ಬೇಕು. ದಪ್ಪ ತಂತುಗಳು ಇನ್ನೂ ಬೇಗ ಓಡುತ್ತವೆ, ಮಯಲಿನ್ ಇಲ್ಲದವು ತುಂಬಾ ನಿಧಾನ.

ಈ ವಿಳಂಬವನ್ನು ತಲೆ ತೆರೆಯದೇ ಅಳೆಯುವ ಉಪಾಯವನ್ನು 1912ರಲ್ಲೇ ಅಮೆರಿಕದ ಪೊಫೆನ್‌ಬರ್ಗರ್ ತೋರಿಸಿದ್ದರು. ನೋಟದ ಎಡಭಾಗದಲ್ಲಿ ಮಿನುಗಿದ ಬೆಳಕು ಮೊದಲು ಬಲ ಅರೆಗೋಳಕ್ಕೆ ಹೋಗುತ್ತದೆ. ಎಡಗೈಯನ್ನು ಆಡಿಸುವುದೂ ಬಲ ಅರೆಗೋಳವೇ, ಹಾಗಾಗಿ ಎಡಗೈಯಿಂದ ಬಟನ್ ಒತ್ತಿದರೆ ಸೇತುವೆ ದಾಟುವ ಅಗತ್ಯ ಇಲ್ಲ. ಬಲಗೈಯಿಂದ ಒತ್ತಬೇಕಾದರೆ ಸುದ್ದಿ ಸೇತುವೆ ದಾಟಬೇಕು. ಎರಡರ ನಡುವಿನ ವ್ಯತ್ಯಾಸವೇ ದಾಟುವ ಸಮಯ. ನೂರಾರು ಸಲ ಮಾಡಿ ಸರಾಸರಿ ತೆಗೆದರೆ ಆರೋಗ್ಯವಂತರಲ್ಲಿ ಅದು 3–4 ಮಿಲಿಸೆಕೆಂಡ್ ಬರುತ್ತದೆ. ನಮ್ಮ 20ರ ಲೆಕ್ಕಕ್ಕಿಂತ ಇದು ಕಡಿಮೆ, ಯಾಕೆಂದರೆ ಈ ಓಟದಲ್ಲಿ ಗೆಲ್ಲುವುದು ಅತಿ ದಪ್ಪನೆಯ ಕೆಲವೇ ತಂತುಗಳು. ಬಹುಪಾಲು ಸಂಚಾರ ತೆಳ್ಳಗಿನ ತಂತುಗಳಲ್ಲೇ ಸಾಗುತ್ತದೆ.

ಸೇತುವೆಯನ್ನೇ ಕತ್ತರಿಸಿದರೆ?

ಸಂಪರ್ಕ ಕಡಿದುಹೋಗುವುದೇ ಸ್ಕಿಜೋಫ್ರೇನಿಯಾ ಆಗಿದ್ದರೆ, ಸೇತುವೆ ಕತ್ತರಿಸಿದವರೆಲ್ಲರಿಗೂ ಅದು ಬರಬೇಕಿತ್ತು. ನಿಜವಾಗಿಯೂ ಸೇತುವೆ ಕತ್ತರಿಸಿಕೊಂಡವರು ಇದ್ದಾರೆ. ಔಷಧಿಗೆ ಬಗ್ಗದ ಮೂರ್ಛೆರೋಗ ಒಂದು ಬದಿಯಿಂದ ಇನ್ನೊಂದಕ್ಕೆ ಹರಡದಿರಲಿ ಅಂತ 1939ರಲ್ಲಿ ಅಮೆರಿಕದ ಸರ್ಜನ್ ವಿಲಿಯಂ ವ್ಯಾನ್ ವ್ಯಾಗನೆನ್ ಈ ಆಪರೇಷನ್ ಶುರುಮಾಡಿದರು. 1962ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜೋಸೆಫ್ ಬೋಗನ್ ಮತ್ತು ಫಿಲಿಪ್ ವೋಗೆಲ್ ಇನ್ನೂ ಪೂರ್ಣವಾಗಿ ಮಾಡಿದರು. ಕ್ಯಾಲ್‌ಟೆಕ್‌ನ ರೋಜರ್ ಸ್ಪೆರ್ರಿ ಮತ್ತು ಅವರ ಶಿಷ್ಯ ಮೈಕೆಲ್ ಗಜಾನಿಗ ಆ ರೋಗಿಗಳನ್ನು ಪರೀಕ್ಷಿಸಿದರು.

ಎಡಭಾಗದಲ್ಲಿ ಒಂದು ವಸ್ತುವಿನ ಚಿತ್ರ ಕ್ಷಣಕಾಲ ತೋರಿಸಿ "ಏನು ಕಂಡಿತು?" ಅಂತ ಕೇಳಿದರೆ ಅವರು "ಏನೂ ಇಲ್ಲ" ಅನ್ನುತ್ತಿದ್ದರು. ಮಾತಾಡುವ ಎಡ ಅರೆಗೋಳಕ್ಕೆ ಸುದ್ದಿಯೇ ಹೋಗಿರಲಿಲ್ಲ. ಅದೇ ಹೊತ್ತಿಗೆ ಎಡಗೈ ಪರದೆಯ ಹಿಂದೆ ತಡಕಾಡಿ ಸರಿಯಾದ ವಸ್ತುವನ್ನೇ ಎತ್ತಿಕೊಳ್ಳುತ್ತಿತ್ತು. ಈ ಕೆಲಸಕ್ಕೆ ಸ್ಪೆರ್ರಿಗೆ 1981ರ ನೊಬೆಲ್ ಸಿಕ್ಕಿತು.

ನಮಗೆ ಬೇಕಾದ ಅಂಶ ಬೇರೆ. ಆ ಜನ ದಿನನಿತ್ಯದ ಬದುಕಲ್ಲಿ ಹೆಚ್ಚು ಕಡಿಮೆ ಮೊದಲಿನಂತೆಯೇ ಇದ್ದರು. ಧ್ವನಿ ಕೇಳಿಸುವುದು, ಸಂಶಯ ಕಾಡುವುದು ಆಪರೇಷನ್‌ನ ಸಹಜ ಫಲವಾಗಿ ಬರಲಿಲ್ಲ. ಹುಟ್ಟುವಾಗಲೇ ಕಾರ್ಪಸ್ ಕೆಲೋಸಮ್ ಇಲ್ಲದವರೂ ಇದ್ದಾರೆ. ಅವರಲ್ಲಿ ಕೆಲವರಿಗೆ ಬೇರೆ ಬೇರೆ ತೊಂದರೆಗಳಿರುತ್ತವೆ, ಆದರೆ ಸೇತುವೆ ಇಲ್ಲದಿರುವುದು ತಾನೇ ಸ್ಕಿಜೋಫ್ರೇನಿಯಾ ಆಗುವುದಿಲ್ಲ. ಅಂದರೆ ‘ಸೇತುವೆ ಮುರಿದಿದೆ’ ಅನ್ನುವ ಸರಳ ಉತ್ತರ ಇಲ್ಲಿಗೆ ಬಿದ್ದುಹೋಯಿತು.

ನೆಟ್‌ವರ್ಕ್ಸ್ ಲ್ಯಾಬ್ ಮಾಡಿದವರಿಗೆ ಇದು ಹೊಸದಲ್ಲ. ಲಿಂಕ್ ಡೌನ್ ಆದರೆ ಅದು ಡೌನ್ ಅಂತ ಗೊತ್ತಾಗುತ್ತದೆ, ಸಿಸ್ಟಮ್ ಅದಿಲ್ಲದೇ ನಡೆಯುವುದನ್ನು ಕಲಿಯುತ್ತದೆ. ನಿಜವಾದ ತಲೆನೋವು ಅರ್ಧಂಬರ್ಧ ನಡೆಯುವ ಲಿಂಕ್. ಪ್ಯಾಕೆಟ್ ಬರುತ್ತೆ, ಆದರೆ ತಡವಾಗಿ ಬರುತ್ತೆ. ಕೆಲವು ಬೇಗ, ಕೆಲವು ನಿಧಾನ. ಬಂದದ್ದು ಯಾವಾಗಿನದು, ಯಾರು ಕಳಿಸಿದ್ದು ಅನ್ನುವುದೇ ಗೊಂದಲ.

ದಪ್ಪವೋ, ತೆಳುವೋ?

1972ರಲ್ಲಿ ಅಮೆರಿಕದ ರೋಸೆಂತಾಲ್ ಮತ್ತು ಬಿಗೆಲೋ ಸತ್ತ ರೋಗಿಗಳ ಕೆಲವು ಮೆದುಳುಗಳನ್ನು ಅಳೆದು, ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಸೇತುವೆ ದಪ್ಪಗಿದೆ ಅಂದರು. ಆಗ ಎರಡು ಬದಿಗಳ ನಡುವೆ ಮಾತುಕತೆ ಅತಿಯಾಗಿದೆಯೇನೋ ಅನ್ನಿಸಿತು. ಮರುವರ್ಷವೇ ಬ್ರಿಟನ್ನಿನ ಬ್ಯೂಮಾಂಟ್ ಮತ್ತು ಡೈಮಂಡ್ ಬೇರೆ ಥರದ ಪರೀಕ್ಷೆ ಮಾಡಿದರು. ಎಡ ನೋಟಕ್ಕೆ ಒಂದು, ಬಲ ನೋಟಕ್ಕೆ ಒಂದು ಆಕೃತಿ ತೋರಿಸಿ ಎರಡೂ ಒಂದೇನಾ ಅಂತ ಕೇಳಿದರೆ, ಸ್ಕಿಜೋಫ್ರೇನಿಯಾ ಇದ್ದವರಿಗೆ ಹೊಂದಿಸುವುದು ಕಷ್ಟವಾಯಿತು. ಅತಿಯಾಗಿದೆ ಅನ್ನುವುದಕ್ಕೆ ಇದು ತದ್ವಿರುದ್ಧ. ಮುಂದೆ ಎಂಆರ್‌ಐ ಬಂದು, ಬದುಕಿರುವವರ ಮೆದುಳನ್ನೇ ಅಳೆಯುವಂತಾದಾಗ ಸರಾಸರಿಯಲ್ಲಿ ಸೇತುವೆ ಸ್ವಲ್ಪ ಚಿಕ್ಕದು ಅಂತ ಕಂಡಿತು. ಕೆಲವೇ ಸ್ಯಾಂಪಲ್ ಇಟ್ಟುಕೊಂಡು ತೀರ್ಮಾನಕ್ಕೆ ಬಂದರೆ ಹೇಗೆ ಉಲ್ಟಾ ಆಗಬಹುದು ಅನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಈಗ ಬಳಸುವ ವಿಧಾನ ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್. ಕೇಬಲ್‌ನ ಒಳಗಿನ ನೀರಿನ ಅಣುಗಳು ತಂತುವಿನ ಉದ್ದಕ್ಕೆ ಸಲೀಸಾಗಿ ಹರಡುತ್ತವೆ, ಅಡ್ಡಕ್ಕೆ ಹರಡುವುದು ಕಷ್ಟ. ಎಂಆರ್‌ಐ ಈ ಹರಡುವಿಕೆಯನ್ನು ಬೇರೆ ಬೇರೆ ದಿಕ್ಕಿನಲ್ಲಿ ಅಳೆದು, ಪ್ರತಿ ಬಿಂದುವಿಗೂ ಒಂದು 3×3 ಸಿಮೆಟ್ರಿಕ್ ಮ್ಯಾಟ್ರಿಕ್ಸ್ ಕಟ್ಟುತ್ತದೆ. ಅದರ ಮೂರು ಐಗನ್ ವ್ಯಾಲ್ಯೂಗಳು ಸಮ ಇದ್ದರೆ ನೀರು ಎಲ್ಲ ಕಡೆಗೂ ಒಂದೇ ರೀತಿ ಹರಡುತ್ತಿದೆ, ಸೂಚ್ಯಂಕ 0. ಒಂದೇ ದಿಕ್ಕು ಮೇಲುಗೈ ಪಡೆದರೆ ಸೂಚ್ಯಂಕ 1ರ ಹತ್ತಿರ. ಇದಕ್ಕೆ ಎಫ್‌ಎ ಅನ್ನುತ್ತಾರೆ. ಮ್ಯಾತ್ಸ್ ಪೇಪರ್‌ನಲ್ಲಿ "ಇದೆಲ್ಲ ಎಲ್ಲಿ ಉಪಯೋಗ ಆಗುತ್ತೆ ಸಾರ್?" ಅಂತ ಕೇಳಿದವರಿಗೆ ಉತ್ತರ ಇಲ್ಲಿದೆ.

2018ರಲ್ಲಿ ಎನಿಗ್ಮಾ ಅನ್ನುವ ಅಂತರರಾಷ್ಟ್ರೀಯ ತಂಡ ಒಟ್ಟು 4,322 ಜನರ ಇಂಥ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿತು. ಅದರಲ್ಲಿ 1,963 ಜನ ಸ್ಕಿಜೋಫ್ರೇನಿಯಾ ಇರುವವರು. ಪರೀಕ್ಷಿಸಿದ 25 ಭಾಗಗಳಲ್ಲಿ 20ರಲ್ಲಿ ಅವರ ಎಫ್‌ಎ ಸರಾಸರಿ ಕಡಿಮೆ ಇತ್ತು. ಅತಿ ಹೆಚ್ಚು ವ್ಯತ್ಯಾಸ ಕಂಡ ಜಾಗಗಳಲ್ಲಿ ಕಾರ್ಪಸ್ ಕೆಲೋಸಮ್ ಒಂದು. ಅಂದರೆ ಸೇತುವೆ ಒಂದೇ ಅಲ್ಲ, ಮೆದುಳಿನ ವೈರಿಂಗ್ ಹಲವು ಕಡೆ ಸ್ವಲ್ಪ ಬೇರೆಯಾಗಿದೆ. ಎಫ್‌ಎ ಯಾಕೆ ಕಡಿಮೆಯಾಯಿತು ಅನ್ನುವುದನ್ನು ಸ್ಕ್ಯಾನ್ ನೇರವಾಗಿ ಹೇಳುವುದಿಲ್ಲ. ಮಯಲಿನ್ ತೆಳುವಾಗಿರಬಹುದು, ತಂತುಗಳು ಕಡಿಮೆ ಇರಬಹುದು, ತಂತುಗಳು ಒಂದನ್ನೊಂದು ಹಾಯುತ್ತಿರಬಹುದು.

ಐದು ಮಿಲಿಸೆಕೆಂಡ್ ಅಂದರೆ 72 ಡಿಗ್ರಿ

ಮಯಲಿನ್ ಸ್ವಲ್ಪ ಕಡಿಮೆಯಾದರೆ ಏನಾಗುತ್ತದೆ? ಸಿಗ್ನಲ್ ಸಾಯುವುದಿಲ್ಲ, ತಡವಾಗುತ್ತದೆ. ಮೆದುಳಿನ ಬೇರೆ ಬೇರೆ ಭಾಗಗಳು ಒಟ್ಟಿಗೆ ಕೆಲಸ ಮಾಡುವಾಗ ಗಾಮಾ ಅಲೆಗಳು, ಅಂದರೆ 40 ಹರ್ಟ್ಸ್ ಆಸುಪಾಸಿನವು, ಮುಖ್ಯ ಅಂತ ನಂಬಲಾಗಿದೆ. 40 ಹರ್ಟ್ಸ್ ಅಂದರೆ ಒಂದು ಸುತ್ತಿಗೆ 25 ಮಿಲಿಸೆಕೆಂಡ್. ಉದಾಹರಣೆಗೆ 5 ಮಿಲಿಸೆಕೆಂಡ್ ಹೆಚ್ಚುವರಿ ವಿಳಂಬ ಬಂತು ಅಂತಿಟ್ಟುಕೊಳ್ಳಿ, ಫೇಸ್ 72 ಡಿಗ್ರಿ ಜಾರಿತು. 12.5 ಆದರೆ ಪೂರ್ತಿ ವಿರುದ್ಧ ಫೇಸ್. ಎಡ ಏರುವಾಗ ಬಲ ಇಳಿಯುತ್ತದೆ. ಇದು ಬರೀ ನಮ್ಮ ಕಾಗದದ ಲೆಕ್ಕ. ಆದರೆ ಪ್ರಯೋಗದಲ್ಲಿ ಕಂಡದ್ದು ಇದಕ್ಕೆ ಹತ್ತಿರ ಇದೆ. ಸೆಕೆಂಡಿಗೆ 40 ಸಲ ಟಿಕ್ ಟಿಕ್ ಅನ್ನುವ ಸದ್ದು ಕೇಳಿಸಿದಾಗ ಇಇಜಿಯಲ್ಲಿ ಅದೇ ಲಯದ ಅಲೆ ಮೂಡಬೇಕು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಆ ಅಲೆ ಸರಾಸರಿಯಲ್ಲಿ ಕ್ಷೀಣ ಅಂತ 1999ರಿಂದೀಚೆಗೆ ಹಲವು ತಂಡಗಳು ತೋರಿಸಿವೆ.

ಧ್ವನಿ ಕೇಳಿಸುವುದಕ್ಕೂ ಟೈಮಿಂಗ್‌ಗೂ ಏನು ಸಂಬಂಧ? ಆನ್‌ಲೈನ್ ಮೀಟಿಂಗ್‌ನ ಎಕೋ ನೆನಪಿಸಿಕೊಳ್ಳಿ. ಸ್ಪೀಕರ್‌ನಿಂದ ಬಂದ ದನಿ ಮೈಕ್‌ಗೆ ಮತ್ತೆ ಸಿಗುತ್ತದೆ. ಅದನ್ನು ಕಳೆಯಲು ಸಾಫ್ಟ್‌ವೇರ್ ಒಂದು ಕಾಪಿ ಇಟ್ಟುಕೊಂಡಿರುತ್ತದೆ. ಆ ಕಾಪಿಯ ವಿಳಂಬ ಸರಿ ಹೊಂದದಿದ್ದರೆ ಎಕೋ ಉಳಿದುಬಿಡುತ್ತದೆ. ಮೆದುಳೂ ಹೀಗೇ ಮಾಡುತ್ತದೆ. ನೀವು ಮಾತಾಡುವಾಗ ಆಜ್ಞೆಯ ಒಂದು ಪ್ರತಿ ಕೇಳುವ ಭಾಗಕ್ಕೂ ಹೋಗುತ್ತದೆ: "ಈಗ ಬರುವ ಸದ್ದು ನಮ್ಮದೇ, ಗಾಬರಿ ಬೇಡ." ಆಗ ಕೇಳುವ ಭಾಗ ತನ್ನ ಪ್ರತಿಕ್ರಿಯೆ ತಗ್ಗಿಸುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ತಗ್ಗುವಿಕೆ ಕಡಿಮೆ ಅಂತ ಅಮೆರಿಕದ ಜೂಡಿತ್ ಫೋರ್ಡ್ ಮತ್ತು ಸಂಗಡಿಗರ ಇಇಜಿ ಕೆಲಸ ತೋರಿಸಿತು.

ಕಚಗುಳಿಯಲ್ಲೂ ಇದನ್ನು ನೋಡಬಹುದು. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರಲ್ಲ. 1999ರಲ್ಲಿ ಲಂಡನ್‌ನ ಸಾರಾ ಜೇನ್ ಬ್ಲೇಕ್‌ಮೋರ್ ತಂಡ ನಡುವೆ ಒಂದು ರೋಬೋ ಇಟ್ಟು, ಕೈ ಆಡಿಸಿದ ಮೇಲೆ 100, 200, 300 ಮಿಲಿಸೆಕೆಂಡ್ ತಡವಾಗಿ ಸ್ಪರ್ಶ ತಾಗುವಂತೆ ಮಾಡಿತು. ತಡ ಹೆಚ್ಚಿದಷ್ಟೂ ಕಚಗುಳಿ ಹೆಚ್ಚಿತು. ತನ್ನದೇ ಕೈ, ಆದರೂ ಬೇರೆಯವರದ್ದು ಅನ್ನಿಸತೊಡಗಿತು. ಮರುವರ್ಷದ ಪ್ರಯೋಗದಲ್ಲಿ, ಧ್ವನಿ ಕೇಳಿಸುವ ರೋಗಿಗಳಿಗೆ ಯಾವ ವಿಳಂಬವೂ ಇಲ್ಲದೆಯೇ ತನ್ನ ಸ್ಪರ್ಶ ಮತ್ತು ಬೇರೆಯವರ ಸ್ಪರ್ಶ ಒಂದೇ ಥರ ಅನ್ನಿಸಿತು.

ಮಾತಿನ ವಿಷಯದಲ್ಲಿ ಎರಡು ಬದಿಗಳ ನಡುವಿನ ಸಂಪರ್ಕ ಮತ್ತೆ ಬರುತ್ತದೆ. ಬಹುತೇಕರಲ್ಲಿ ಭಾಷೆ ಎಡಗಡೆ ನೆಲೆಸಿದೆ. ಹೆಡ್‌ಫೋನ್ ಹಾಕಿ ಎರಡು ಕಿವಿಗೂ ಒಟ್ಟಿಗೇ ಬೇರೆ ಬೇರೆ ಅಕ್ಷರ, ಒಂದಕ್ಕೆ ‘ಬ’ ಇನ್ನೊಂದಕ್ಕೆ ‘ಗ’ ಕೇಳಿಸಿದರೆ, ಹೆಚ್ಚಿನವರು ಬಲಗಿವಿಯದನ್ನೇ ಹೇಳುತ್ತಾರೆ, ಯಾಕೆಂದರೆ ಅದು ನೇರ ಎಡ ಅರೆಗೋಳಕ್ಕೆ ಹೋಗುತ್ತದೆ. ಎಡಗಿವಿಯದ್ದು ಬಲಕ್ಕೆ ಹೋಗಿ ಸೇತುವೆ ದಾಟಿ ಬರಬೇಕು. ಧ್ವನಿ ಕೇಳಿಸುವ ರೋಗಿಗಳಲ್ಲಿ ಬಲಗಿವಿಯ ಈ ಮೇಲುಗೈ ಕಡಿಮೆಯಾಗಿರುವುದು ಕಂಡುಬಂದಿದೆ. 2008ರಲ್ಲಿ ನೆದರ್ಲೆಂಡ್ಸ್‌ನ ಐರಿಸ್ ಸೊಮ್ಮರ್ ತಂಡ 24 ರೋಗಿಗಳಿಗೆ ಧ್ವನಿ ಕೇಳಿಸುತ್ತಿರುವಾಗಲೇ ಸ್ಕ್ಯಾನ್ ಮಾಡಿತು. ಆ ಹೊತ್ತಿನಲ್ಲಿ ಹೆಚ್ಚು ಚುರುಕಾಗಿದ್ದದ್ದು ಎಡಗಡೆಯ ಮಾತಿನ ಕೇಂದ್ರಕ್ಕಿಂತ ಬಲಗಡೆಯ ಅದೇ ಜಾಗ. ಬಲಗಡೆ ಹುಟ್ಟಿದ ಮಾತಿನ ತುಣುಕು ‘ನಮ್ಮದೇ’ ಅನ್ನುವ ಗುರುತು ಇಲ್ಲದೆ ಎಡಕ್ಕೆ ತಲುಪಿದರೆ ಅದು ಹೊರಗಿನವರ ದನಿಯಂತೆ ಕೇಳಿಸಬಹುದೇ? ಇದು ಊಹೆ, ಇನ್ನೂ ಸಾಬೀತಾಗಿಲ್ಲ. ಆದರೆ ಪರೀಕ್ಷೆಗೆ ಒಡ್ಡಬಹುದಾದ ಊಹೆ.

ಹಾಗಾದರೆ ಸ್ಕ್ಯಾನ್ ಮಾಡಿ ಹೇಳಿಬಿಡಬಹುದಾ?

ಆಗಲ್ಲ. ಎನಿಗ್ಮಾ ಅಧ್ಯಯನದಲ್ಲಿ ಸೇತುವೆಯ ವ್ಯತ್ಯಾಸದ ಗಾತ್ರ ಸುಮಾರು 0.39 ಸ್ಟ್ಯಾಂಡರ್ಡ್ ಡೀವಿಯೇಷನ್. ಎರಡು ನಾರ್ಮಲ್ ಕರ್ವ್‌ಗಳನ್ನು ಇಷ್ಟೇ ದೂರ ಸರಿಸಿ ಬಿಡಿಸಿ ನೋಡಿ, ಸುಮಾರು ಶೇ. 84ರಷ್ಟು ಒಂದರ ಮೇಲೊಂದು ಕೂರುತ್ತವೆ. ಈ ಒಂದು ಅಳತೆ ಮಾತ್ರ ಇಟ್ಟುಕೊಂಡು, ಎರಡು ಗುಂಪೂ ಸಮ ಇರುವಾಗ ಗೆರೆ ಎಳೆದು ಬೇರ್ಪಡಿಸಿದರೆ ನೂರಕ್ಕೆ 58 ಸಲ ಸರಿ ಬಂದೀತು. ನಾಣ್ಯ ಚಿಮ್ಮಿದರೆ 50. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ‘ಎಂಆರ್‌ಐನಿಂದ ಸ್ಕಿಜೋಫ್ರೇನಿಯಾ ಪತ್ತೆ’ ಅಂತ ಟೈಟಲ್ ಹುಡುಕುತ್ತಿರುವವರು ಇದನ್ನು ನೆನಪಿಡಿ. ಸಣ್ಣ ಡೇಟಾಸೆಟ್‌ನಲ್ಲಿ 95 ಆಕ್ಯುರಸಿ ಬಂದರೆ ಸಂಭ್ರಮಿಸುವ ಮೊದಲು ಡೇಟಾ ಎಲ್ಲಿ ಸೋರಿದೆ ಅಂತ ಹುಡುಕುವುದು ಒಳ್ಳೆಯದು.

ಇವತ್ತಿಗೂ ರೋಗವನ್ನು ಗುರುತಿಸುವುದು ಮನೋವೈದ್ಯರು ರೋಗಿಯ ಹತ್ತಿರ, ಮನೆಯವರ ಹತ್ತಿರ ಕೂತು ಮಾತಾಡಿಯೇ. ಔಷಧಿಗಳೂ ಸೇತುವೆ ರಿಪೇರಿ ಮಾಡುವುದಿಲ್ಲ. 1950ರ ದಶಕದಿಂದ ಬಂದಿರುವ ಹೆಚ್ಚಿನವು ಡೋಪಮಿನ್ ಅನ್ನುವ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ, ತುಂಬಾ ಜನರಿಗೆ ಧ್ವನಿಗಳನ್ನು ತಗ್ಗಿಸುತ್ತವೆ.

ಹೆಸರಿನ ವಿಷಯಕ್ಕೆ ಬಂದರೆ, ಜಪಾನ್ 2002ರಲ್ಲಿ ‘ಮನಸ್ಸು ಸೀಳಿದ ಕಾಯಿಲೆ’ ಎಂಬ ಅರ್ಥದ ಹಳೆಯ ಹೆಸರು ಬಿಟ್ಟು, ‘ಹೊಂದಾಣಿಕೆ ತಪ್ಪುವಿಕೆ’ ಎಂಬರ್ಥದ ಹೊಸ ಹೆಸರು ಇಟ್ಟಿತು. ಕೇಳಿಕೊಂಡದ್ದು ರೋಗಿಗಳ ಮನೆಯವರ ಸಂಘ. ಮೂರೇ ವರ್ಷದೊಳಗೆ, ರೋಗಿಗೇ ಕಾಯಿಲೆಯ ಹೆಸರು ತಿಳಿಸುವ ಪ್ರಮಾಣ ಸುಮಾರು ಶೇ. 37ರಿಂದ ಶೇ. 70ಕ್ಕೆ ಏರಿತು. ದಕ್ಷಿಣ ಕೊರಿಯಾ ಇಟ್ಟ ಹೊಸ ಹೆಸರಿನಲ್ಲಿ ತಂತಿವಾದ್ಯವನ್ನು ಶ್ರುತಿ ಮಾಡುವ ಅರ್ಥ ಇದೆ. ಶ್ರುತಿ ತಪ್ಪಿದ ವಾದ್ಯವನ್ನು ಯಾರೂ ಒಡೆದುಹೋಗಿದೆ ಅಂತ ಎಸೆಯುವುದಿಲ್ಲ.

ಇದೆಲ್ಲ ನಮಗೆ ಯಾಕೆ?

ಯಾಕೆಂದರೆ ವಯಸ್ಸು. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಶುರುವಾಗುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದ ನಡುವೆ. ಮೆದುಳಿನ ಮುಂಭಾಗದ ಕೇಬಲ್‌ಗಳಿಗೆ ಮಯಲಿನ್ ಸುತ್ತುವ ಕೆಲಸವೂ ಅದೇ ವಯಸ್ಸಿನಲ್ಲಿ ಇನ್ನೂ ನಡೆಯುತ್ತಿರುತ್ತದೆ. ಅಂದರೆ ಫಸ್ಟ್ ಸೆಮ್‌ನಿಂದ ಮೊದಲ ಕೆಲಸದವರೆಗಿನ ನಮ್ಮದೇ ವರ್ಷಗಳು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸ್ಕಿಜೋಫ್ರೇನಿಯಾ ಮತ್ತು ಅಂಥ ಕಾಯಿಲೆಗಳು ಜೀವಮಾನದಲ್ಲಿ ಒಮ್ಮೆಯಾದರೂ ಕಾಡಿದ ವಯಸ್ಕರು ಶೇ. 1.4. ಅಪರೂಪವೇನಲ್ಲ. ಗಾಂಜಾ ಸೇದುವುದು ಈ ಅಪಾಯ ಹೆಚ್ಚಿಸುತ್ತದೆ ಅನ್ನುವುದೂ ಚೆನ್ನಾಗಿ ಗೊತ್ತಿರುವ ವಿಷಯ, ಹಾಸ್ಟೆಲ್‌ನಲ್ಲಿ ಯಾರು ಏನೇ ಹೇಳಲಿ.

ರೂಮ್‌ಮೇಟ್ ವಾರಗಟ್ಟಲೆ ನಿದ್ದೆ ಬಿಟ್ಟಿದ್ದಾನೆ, ಕ್ಲಾಸ್, ಇಂಟರ್ನಲ್ಸ್ ಎಲ್ಲ ಬಿಟ್ಟು ಒಳಗೇ ಕೂತಿದ್ದಾನೆ, ಮೆಸ್ ಊಟದಲ್ಲಿ ಏನೋ ಬೆರೆಸಿದ್ದಾರೆ ಅನ್ನುತ್ತಾನೆ, ಯಾರೂ ಇಲ್ಲದಿದ್ದರೂ ಉತ್ತರ ಕೊಡುತ್ತಾನೆ. ಇವುಗಳಲ್ಲಿ ಯಾವುದೋ ಒಂದು ಕಂಡ ತಕ್ಷಣ ಕಾಯಿಲೆ ಅಂತ ಹಣೆಪಟ್ಟಿ ಅಂಟಿಸಬೇಡಿ, ಅದು ನಮ್ಮ ಕೆಲಸ ಅಲ್ಲ. ಆದರೆ ಬದಲಾವಣೆ ಸ್ಪಷ್ಟವಾಗಿದ್ದರೆ ಸುಮ್ಮನಿರಲೂ ಬೇಡಿ. "ಅಲ್ಲಿ ಯಾರೂ ಇಲ್ಲ ಮಾರಾಯ" ಅಂತ ವಾದಿಸಿ ಗೆಲ್ಲಲು ಆಗಲ್ಲ, ಅವನಿಗೆ ಆ ದನಿ ನಿಜವಾಗಿಯೂ ಕೇಳಿಸುತ್ತಿದೆ. "ನಿನಗೆ ಕಷ್ಟ ಆಗ್ತಿದೆ ಅಂತ ಕಾಣುತ್ತೆ, ಯಾರ ಹತ್ತಿರ ಆದರೂ ಹೋಗಿ ಮಾತಾಡೋಣ, ನಾನೂ ಬರ್ತೀನಿ" ಅಂದರೆ ಸಾಕು. ಕಾಲೇಜಿನ ಕೌನ್ಸೆಲರ್‌ಗೆ, ಮನೆಯವರಿಗೆ ತಿಳಿಸಿ. ಗಾಳಿ ಸೋಕಿದೆ, ಮಾಟ ಆಗಿದೆ ಅಂತ ಮನೆಯವರು ಅಲೆದಾಡುವುದರಲ್ಲಿ ತಿಂಗಳುಗಳು ಹೋಗಿಬಿಡುತ್ತವೆ. ಚಿಕಿತ್ಸೆ ಬೇಗ ಶುರುವಾದಷ್ಟೂ ಚೇತರಿಕೆ ಚೆನ್ನಾಗಿರುತ್ತದೆ.

ದುಡ್ಡು ಖರ್ಚಿಲ್ಲದ ಒಂದು ದಾರಿ ಎಲ್ಲರ ಹತ್ತಿರವೂ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಕೆಲಸ ಮಾಡುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆ ಇರುವವರೇ ಮಾಡಬೇಕು ಅಂತಿಲ್ಲ, ಗೆಳೆಯನ ಬಗ್ಗೆ ಏನು ಮಾಡುವುದು ಅಂತ ಕೇಳಲೂ ಮಾಡಬಹುದು. ನಂಬರ್ 14416. ಈಗಲೇ ಸೇವ್ ಮಾಡಿಕೊಳ್ಳಿ, ರೂಮ್‌ಮೇಟ್‌ಗೂ ಕಳಿಸಿ.